ಬೇರೆಯವರ ಗಂಟಲಿನ ಅಳು

ಬನಶಂಕರಮ್ಮನಿಗೆ ಅವತ್ತು ಬೆಳಗಿನಿಂದ ಒಂದು ತುತ್ತೂ ಇಳಿದಿರಲಿಲ್ಲ. ಇಳಿಯುವುದಾದರೂ ಹೇಗೆ? ನಲವತ್ತು ವರ್ಷ ನಾಟಕ ಕಂಪನಿಗಳಲ್ಲಿ ಮೆರೆದವಳು, ಅರವತ್ತೆರಡನೆಯ ವಯಸ್ಸಿನಲ್ಲಿ ಒಂದು ಸಿನಿಮಾದಲ್ಲಿ ತಾಯಿಯ ಪಾತ್ರ ಮಾಡಿದ್ದಳು. ತೊಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಅದು ಅವಳಿದ್ದ ದೊಡ್ಡಬಳ್ಳಾಪುರಕ್ಕೆ ಬಂತು. ಡಬ್ಬಿಂಗಿಗೆ ಮಾತ್ರ ಅವಳನ್ನು ಕರೆದಿರಲಿಲ್ಲ. ವಯಸ್ಸಾಗಿ ದನಿ ಒಡೆದಿದೆ ಎಂದು ನಿರ್ದೇಶಕ ಮಹಾಶಯ ಬೇರೆ ಯಾರಿಂದಲೋ ಮಾತಾಡಿಸಿದ್ದ. ನಾಚಿಕೆಗೆ ಅವಳು ಈ ಸುದ್ದಿಯನ್ನು ಕೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಪಕ್ಕದ ಮನೆಯ ಮುನಿತಾಯಮ್ಮ ಬಿಡಬೇಕಲ್ಲ! ಅಮಾವಾಸ್ಯೆ, ಮಗ್ಗಗಳಿಗೆ ರಜೆ ಎಂದು ನೇಕಾರರ ಕೇರಿಯ ಹೆಂಗಸರನ್ನೆಲ್ಲ ಮ್ಯಾಟ್ನಿಗೆ ಹೊರಡಿಸಿಬಿಟ್ಟಳು.

"ನಿನ್ ಸಿನಿಮಾ ನಾವ್ ನೋಡ್ದೆ ಇನ್ಯಾರ್ ನೋಡ್ತಾರಕ್ಕಾ? ನಡಿ ನಡಿ."

ಸಿನಿಮಾನೋ, ದೇವರಿಗೇ ಪ್ರೀತಿ! ಕಥೆಗೆ ತಲೆಯಿಲ್ಲ, ಬುಡವಿಲ್ಲ. ಮಧ್ಯಂತರದ ಹೊತ್ತಿಗೆ ಮುಂದಿನ ಬೆಂಚುಗಳಲ್ಲಿ ಶಿಳ್ಳೆ, ಗೇಲಿ ಶುರುವಾಗಿತ್ತು. ಕೆಲವರು ಎದ್ದೇ ಹೋದರು. ಬನಶಂಕರಮ್ಮನ ದೊಡ್ಡ ದೃಶ್ಯ ಇನ್ನೂ ಬಾಕಿಯಿತ್ತು. ಸತ್ತ ಮಗನ ಮುಂದೆ ತಾಯಿ ಕೂರುವ ದೃಶ್ಯ. ಶೂಟಿಂಗಿನ ದಿನ ಅವಳು ಅಳಲಿಲ್ಲ, ಬರೆದುಕೊಟ್ಟ ಮಾತನ್ನೂ ಆಡಲಿಲ್ಲ. ತನಗೆ ತೋಚಿದ್ದೊಂದನ್ನು ಮೆಲ್ಲಗೆ ಹೇಳಿದ್ದಳು. ಲೈಟಿನವರೂ ಕಣ್ಣೊರೆಸಿಕೊಂಡಿದ್ದರು. ಇಷ್ಟು ವರ್ಷ ಕಲಿತದ್ದೆಲ್ಲ ಆ ಒಂದು ಗಳಿಗೆಯಲ್ಲಿತ್ತು. ಅದನ್ನು ಏನು ಮಾಡಿಟ್ಟಿದ್ದಾರೋ, ಇವರೆಲ್ಲ ನಕ್ಕುಬಿಟ್ಟರೆ ನಾಳೆಯಿಂದ ಬೀದಿಯಲ್ಲಿ ಮುಖ ಎತ್ತುವುದು ಹೇಗೆ ಎಂದು ಜೀವ ಹಿಡಿಯಷ್ಟಾಗಿತ್ತು.

ದೃಶ್ಯ ಬಂತು. ಪರದೆ ತುಂಬ ಅವಳ ಮುಖ. ತುಟಿ ಅಲುಗಿತು. ಯಾವುದೋ ಎಳೆ ದನಿ "ಅಯ್ಯೋ ವಿಧಿಯೇ, ನನ್ನ ಕರುಳಕುಡಿಯನ್ನು ಕಿತ್ತುಕೊಂಡೆಯಾ!" ಎಂದು ಬೊಬ್ಬಿಟ್ಟಿತು.

"ಅಜ್ಜಿಗೆ ಹುಡ್ಗಿ ವಾಯ್ಸು ಕಣೋ ಗುರು!" ಮುಂದಿನ ಬೆಂಚು ಹೋ ಎಂದು ನಕ್ಕಿತು.

ಬನಶಂಕರಮ್ಮ ಕಣ್ಣು ಮುಚ್ಚಿಕೊಂಡಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಪಕ್ಕದಲ್ಲಿ ಬಿಕ್ಕುವ ಸದ್ದು. ಮುನಿತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಚೆಗೆ ನರಸಮ್ಮ, ಅವಳಾಚೆ ಆ ಸಾಲಿನ ಅಷ್ಟೂ ಹೆಂಗಸರು ಅಳುತ್ತಿದ್ದರು.

"ಆ ಹಾಳು ಅರಚಾಟಕ್ಕೆ ಅಳ್ತೀರೇನ್ರೇ?" ಬನಶಂಕರಮ್ಮನಿಗೆ ರೇಗಿತು.

"ಅದ್ಯಾವಳು ಅರಚ್ಕೊಂಡ್ರೆ ನಮಗೇನಕ್ಕಾ?" ಮುನಿತಾಯಮ್ಮ ಮೂಗೊರೆಸಿಕೊಂಡಳು. "ಮಗ್ಗದ್ ಸದ್ದಲ್ಲಿ ಒಬ್ರ್ ಮಾತು ಒಬ್ರಿಗೆ ಕೇಳ್ಸ್ತದಾ? ದಿನಾ ತುಟಿ ನೋಡೇ ಅಲ್ವಾ ನಾವ್ ಮಾತಾಡೋದು? 'ಎದ್ದೇಳಪ್ಪಾ, ಮುದ್ದೆ ಆರೋಯ್ತದೆ' ಅಂದ್ಯಲ್ಲಕ್ಕಾ... ಹೆತ್ತವ್ಳು ಇನ್ನೇನಂತಾಳೆ?"

ಬನಶಂಕರಮ್ಮ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟಳು.