ಹೈಸ್ಕೂಲಿಗೆ ಸೇರಿಸುವ ಮುಂಚೆ ಸೀಟಕ್ಕ ಕೇಳಿದ್ದು

ಎಂಟನೇ ಕ್ಲಾಸು ಮುಗಿಸುತ್ತಿರುವ ಮಗುವಿರುವ ಮನೆಯಲ್ಲಿ ಆ ಎರಡು ತಿಂಗಳು ಬೇರೆ ಮಾತೇ ಇರುವುದಿಲ್ಲ. ಯಾವ ಹೈಸ್ಕೂಲು, ಯಾವ ಹೈಸ್ಕೂಲು ಅಂತ ಒಂದೇ ಜಪ. ಮನೆಗೆ ಬಂದ ನೆಂಟರೂ ಅದನ್ನೇ ಕೇಳುತ್ತಾರೆ, ತಕ್ಕಡಿ ಹಿಡಿದ ತರಕಾರಿಯವನೂ ಅದನ್ನೇ ಕೇಳುತ್ತಾನೆ. ಸೀಟಕ್ಕನ ಮನೆಯಲ್ಲೂ ಹಾಗೇ ಆಗಿತ್ತು.

ಸೀಟಕ್ಕ ಬಸ್ ಡಿಪೋದಲ್ಲಿ ಹರಿದ ಸೀಟುಗಳನ್ನು ಹೊಲಿಯುವವಳು. ಬಾಗಿದ ಸೂಜಿ, ದಪ್ಪ ದಾರ, ರೆಕ್ಸಿನ್ ಸುರುಳಿ, ಪಕ್ಕದಲ್ಲಿ ಕತ್ತರಿಸಿಟ್ಟ ಸ್ಪಂಜಿನ ಗುಡ್ಡೆ, ಇವುಗಳ ನಡುವೆ ಹದಿನಾಲ್ಕು ವರ್ಷ ಕಳೆದಿದ್ದಳು. ಡ್ರೈವರುಗಳು ಪ್ರೀತಿಯಿಂದ ಕರೆದ ಹೆಸರೇ ಕೊನೆಗೆ ಮನೆಯ ತನಕ ಬಂದಿತ್ತು. ಗಂಡ ತಗಡಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಪ್ರೆಸ್ ಮಿಷನ್ನಿನ ಮುಂದೆ ನಿಲ್ಲುವವನು. ಇಪ್ಪತ್ತು ವರ್ಷ ಆ ಸದ್ದು ಕೇಳಿ ಕೇಳಿ ಅವನ ಕಿವಿ ಮಂದವಾಗಿತ್ತು.

ಒಂದು ಸಲ ಅಪ್ಪನನ್ನು ಕಿವಿ ತಪಾಸಣೆಗೆ ಕರೆದುಕೊಂಡು ಹೋದಾಗ ಮಗಳೂ ಜೊತೆಗೆ ಹೋಗಿದ್ದಳು. ಗಾಜಿನ ಸಣ್ಣ ಕೋಣೆಯಲ್ಲಿ ಅವನನ್ನು ಕೂರಿಸಿ, ಯಾವ ಸದ್ದು ಕೇಳುತ್ತದೆ, ಯಾವುದು ಕೇಳುವುದಿಲ್ಲ ಅಂತ ಒಬ್ಬ ಹೆಂಗಸು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದಳು. ಆ ಗೆರೆ ನೋಡಿದ ದಿನದಿಂದ ಮಗಳದ್ದು ಒಂದೇ ಹಟ. "ಅಮ್ಮ, ನಾನು ಇದನ್ನೇ ಓದ್ತೀನಿ." ಆ ಓದು ಇದ್ದದ್ದು ರಾಜ್ಯದ ದೊಡ್ಡ ಯೂನಿವರ್ಸಿಟಿಯಲ್ಲಿ ಮಾತ್ರ. ಅಲ್ಲಿ ಸೀಟು ಸಿಗುವುದು ಎಷ್ಟು ಕಷ್ಟ ಎಂದು ಎಲ್ಲರೂ ಹೇಳುತ್ತಿದ್ದರು. ಹೇಗೆ ಸಿಗುತ್ತದೆ ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ಕಾಗದ ಬಂತು. ಊರಿನ ಆಚೆ ತುದಿಯ ದೊಡ್ಡ ಸ್ಕೂಲು ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುತ್ತಿತ್ತು. ಕಲ್ಲಿನ ಕಮಾನು, ಈಜುಕೊಳ, ಕೋಟು ಹಾಕಿದ ಮಕ್ಕಳು. ಅಲ್ಲಿ ಮಗಳಿಗೆ ಸೀಟು ಸಿಕ್ಕಿತ್ತು. ಸೀಟಕ್ಕ ಅಡುಗೆಮನೆಯಿಂದಲೇ ಕೂಗಿ ಹೇಳಿದಳು, "ರೀ, ಸೀಟು ಸಿಕ್ತು."

"ಹರಿದಿದ್ರೆ ಹೊಲಿ, ನನ್ನನ್ಯಾಕೆ ಕೇಳ್ತೀಯ?" ಅಂದ ಗಂಡ.

ಕಾಗದವನ್ನು ಅವನ ಕೈಗೇ ಕೊಟ್ಟಳು. ಅವನು ಓದಿ, ಮಡಚಿ, ಮತ್ತೆ ಬಿಡಿಸಿ ಓದಿದ. ಮರುದಿನ ಡಿಪೋದಲ್ಲಿ ಆ ಕಾಗದ ಕೈಯಿಂದ ಕೈಗೆ ಹೋಗಿ, ಗ್ರೀಸಿನ ಬೆರಳಚ್ಚು ಹತ್ತಿಸಿಕೊಂಡು ವಾಪಸ್ ಬಂತು. ಸೀಟಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಗಳು ಮಾತ್ರ ಸಪ್ಪಗಿದ್ದಳು. "ಅಣ್ಣನೂ ಅಲ್ಲೇ ಓದಿದ್ದಲ್ವಾ ಅಮ್ಮ?" ಅಂದಳು.

ಅಣ್ಣ ಅಂದರೆ ಸೀಟಕ್ಕನ ಅಕ್ಕನ ಮಗ. ಅದೇ ಸ್ಕೂಲಿನಲ್ಲಿ ಒಂಬತ್ತರಿಂದ ಹನ್ನೆರಡರ ತನಕ ನಾಲ್ಕು ವರ್ಷ ಓದಿ, ನೂರಕ್ಕೆ ಎಂಬತ್ತನಾಲ್ಕು ತೆಗೆದವನು. ಯೂನಿವರ್ಸಿಟಿ ಅವನ ಅರ್ಜಿಯನ್ನು ತೆಗೆದುಕೊಳ್ಳಲಿಲ್ಲ. ಈಗ ಟೈರ್ ಅಂಗಡಿಯಲ್ಲಿ ಕೆಲಸ.

"ಅವನು ಮೈಗಳ್ಳ. ಕೊನೇ ವರ್ಷ ಫೋನು ಹಿಡ್ಕೊಂಡು ಕೂತ. ನೀನು ಹಾಗೆ ಮಾಡಬೇಡ" ಅಂದಳು ಸೀಟಕ್ಕ. ಈ ಮಾತನ್ನು ಒಂದು ವರ್ಷದಿಂದ ಅವಳು ಮಗಳಿಗೆ ಹೇಳುತ್ತಲೇ ಬಂದಿದ್ದಳು.

ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಬಟ್ಟೆ ಹರವುವಾಗ ಕೆಳಗಿನ ಮನೆಯ ಫೈಲಮ್ಮ ಸಿಕ್ಕರು. ಮೂವತ್ತು ವರ್ಷ ಅದೇ ಯೂನಿವರ್ಸಿಟಿಯ ಪ್ರವೇಶ ವಿಭಾಗದಲ್ಲಿ ಗುಮಾಸ್ತೆಯಾಗಿ ಫೈಲು ನೋಡಿ ನಿವೃತ್ತರಾದವರು. ಆ ಹೆಸರು ಬಂದದ್ದು ಅದರಿಂದಲೇ. ಒಂದೊಂದು ಕಾಲುಚೀಲಕ್ಕೂ ಜೋಡಿ ನೋಡಿ ಕ್ಲಿಪ್ ಹಾಕುವ ಜಾತಿ. ಸೀಟಕ್ಕ ಖುಷಿಯ ಸುದ್ದಿ ಹೇಳಿದಳು.

"ಒಳ್ಳೇದಾಯ್ತು. ಹುಡುಗಿ ಮುಂದೆ ಏನು ಓದಬೇಕು ಅಂತಾಳೆ?"

ಸೀಟಕ್ಕ ಹೇಳಿದಳು. ಫೈಲಮ್ಮ ಕ್ಲಿಪ್ಪಿನ ಬುಟ್ಟಿ ಕೆಳಗಿಟ್ಟರು.

"ಹಾಗಾದ್ರೆ ಒಂದು ಮಾತು ಕೇಳ್ತೀನಿ ತಾಯಿ, ಬೇಜಾರು ಮಾಡ್ಕೋಬೇಡ. ಆ ಸ್ಕೂಲಲ್ಲಿ ಒಂದು ಕ್ಲಾಸಿಗೆ ಎಷ್ಟು ಮಕ್ಕಳು?"

"ನಾನೂರು ಇರ್ತಾರಂತೆ."

"ನಮ್ಮ ಯೂನಿವರ್ಸಿಟಿ ಹೆಚ್ಚಿನ ಸೀಟುಗಳನ್ನ ಹೇಗೆ ತುಂಬುತ್ತೆ ಗೊತ್ತಾ? ರಾಜ್ಯದ ಪ್ರತಿಯೊಂದು ಹೈಸ್ಕೂಲಿಂದಲೂ ಮೊದಲ ಹತ್ತರಲ್ಲಿ ಒಂದು ಪಾಲು ಮಕ್ಕಳಿಗೆ ಕೊಡುತ್ತೆ. ನಾನೂರು ಮಕ್ಕಳಿದ್ರೆ ಮೊದಲ ನಲವತ್ತು. ಊರಿಗೆಲ್ಲ ಯಾರು ಮೊದಲು ಅಂತ ನೋಡಲ್ಲ, ಅವರವರ ಸ್ಕೂಲಲ್ಲಿ ಯಾರು ಮೊದಲು ಅಂತ ನೋಡುತ್ತೆ. ಉಳಿಯೋ ಸೀಟು ಬೆರಳೆಣಿಕೆ. ಅದಕ್ಕೆ ಎಲ್ಲರೂ ಮುಗಿಬೀಳ್ತಾರೆ."

"ಎಂಬತ್ತನಾಲ್ಕು ಬಂದ್ರೂ ಸಿಗಲ್ವಾ ಅಮ್ಮ?"

"ಆರಿಸಿದ ಮಕ್ಕಳೇ ತುಂಬಿರೋ ಸ್ಕೂಲಲ್ಲಿ ಎಂಬತ್ತನಾಲ್ಕಕ್ಕೆ ಎಷ್ಟನೇ ಸ್ಥಾನ ಬರುತ್ತೆ ಹೇಳು? ನೂರು ದಾಟಿರುತ್ತೆ. ಅಂಥ ಎಷ್ಟೋ ಅರ್ಜಿಗೆ ನಾನೇ ವಾಪಸ್ಸಿನ ಮುದ್ರೆ ಒತ್ತಿದೀನಿ. ಒಳ್ಳೆ ಮಕ್ಕಳೇ ಎಲ್ಲ."

ಸೀಟಕ್ಕನ ಕೈಯಲ್ಲಿದ್ದ ಒದ್ದೆ ಚಾದರದಿಂದ ನೀರು ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅಕ್ಕನ ಮಗನ ಸ್ಥಾನ ನೂರಾ ಹದಿನೆಂಟು. ಅದು ಅವಳಿಗೆ ನೆನಪಿತ್ತು, ಯಾಕೆಂದರೆ ಅದನ್ನೇ ಹೇಳಿ ಹೇಳಿ ಎಲ್ಲರೂ ಅವನನ್ನು ಹಂಗಿಸಿದ್ದರು.

"ಹಾಗಾದ್ರೆ ಇಲ್ಲೇ ಪಕ್ಕದ ರಸ್ತೆ ಸರ್ಕಾರಿ ಸ್ಕೂಲಿಗೆ ಹಾಕಿಬಿಡ್ತೀನಿ. ನಮ್ಮ ಹುಡುಗಿ ಅಲ್ಲಿ ಮೊದಲು ಬರ್ತಾಳೆ" ಅಂದಳು.

ಫೈಲಮ್ಮ ನಕ್ಕರು. "ಆ ಗೋಡೆ ಬಿಟ್ಟು ಈ ಗೋಡೆಗೆ ತಲೆ ಚಚ್ಚಿಕೊಳ್ಳೋಕೆ ಹೊರಟೆ ನೋಡು. ಸ್ಥಾನ ಒಂದೇ ಸಾಲದು ಕಣೇ. ಅವಳು ಕೇಳ್ತಿರೋ ಓದಿಗೆ ಮೇಲಿನ ಗಣಿತ ಓದಿರಬೇಕು, ಲ್ಯಾಬಲ್ಲಿ ಕೈಯಾರೆ ಮಾಡಿದ ವಿಜ್ಞಾನ ಎರಡು ವಿಷಯ ಇರಬೇಕು. ಅದನ್ನ ಆ ಸ್ಕೂಲು ಕಲಿಸುತ್ತಾ? ಮೊದಲು ಹೋಗಿ ಕೇಳು."

ಸೋಮವಾರ ಸೀಟಕ್ಕ ಅರ್ಧ ದಿನ ರಜೆ ಹಾಕಿ ಹೋದಳು. ಸ್ಕೂಲಿನ ಆಫೀಸು ರೂಮಿನಲ್ಲಿ ಕಾಲು ಮುರಿದ ಗ್ಲೋಬು, ಕಪಾಟಿನ ಮೇಲೆ ವಾಲಿಬಾಲು, ಗೋಡೆಗೆ ವೇಳಾಪಟ್ಟಿ. ಹೆಡ್‌ಮೇಷ್ಟ್ರು ಕೂರಲು ಹೇಳಿದರು. ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. ಓದಿದವರ ಮುಂದೆ ಪ್ರಶ್ನೆ ಕೇಳಿ ಅವಳಿಗೆ ರೂಢಿ ಇರಲಿಲ್ಲ.

"ಸರ್, ನಿಮ್ಮಲ್ಲಿ ಮೇಲಿನ ಗಣಿತ ಇದೆಯಾ?"

ಮೇಷ್ಟ್ರು ಕನ್ನಡಕ ತೆಗೆದರು. "ನಾಲ್ಕು ವರ್ಷದಿಂದ ಇಲ್ಲಮ್ಮ."

"ಲ್ಯಾಬು?"

"ಲ್ಯಾಬಿಗೇನೂ ತೊಂದರೆ ಇಲ್ಲ, ಮೇಷ್ಟ್ರೂ ಇದ್ದಾರೆ."

"ಹೋದ ವರ್ಷ ಯೂನಿವರ್ಸಿಟಿಗೆ ಎಷ್ಟು ಮಕ್ಕಳು ಹೋದ್ರು ಸರ್?"

"ನೂರಾ ಅರವತ್ತು ಮಕ್ಕಳಲ್ಲಿ ಹದಿನಾರು ಜನಕ್ಕೆ ಸ್ಥಾನ ಇತ್ತು. ಅರ್ಜಿ ಹಾಕಿದ್ದು ನಾಲ್ಕು. ಗಣಿತ ಸಾಲದೆ ಮೂರು ವಾಪಸ್ ಬಂತು. ಒಬ್ಬ ಸೇರಿದ, ಅವನಿಗೆ ಮನೇಲೇ ಯಾರೋ ಗಣಿತ ಹೇಳಿಕೊಟ್ಟು ಹೊರಗಿಂದ ಪರೀಕ್ಷೆ ಕಟ್ಟಿಸಿದ್ರು."

ಸೀಟಕ್ಕನಿಗೆ ಸಿಟ್ಟು ಬಂತು. "ಇಷ್ಟೊಂದು ಮಕ್ಕಳ ಸೀಟು ಸುಮ್ಮನೆ ಹಾಳಾಗ್ತಾ ಇದ್ರೆ ನೀವು ಯಾರಿಗೂ ಹೇಳಲಿಲ್ವಾ ಸರ್?"

"ನಮ್ಮ ತಪ್ಪೂ ಇದೆ" ಅಂದರು ಮೇಷ್ಟ್ರು, ಮೇಜು ನೋಡುತ್ತ. "ಹದಿನೈದು ಮಕ್ಕಳು ಈ ಪಾಠ ಬೇಕು ಅಂತ ಬರೆದುಕೊಟ್ರೆ ಮೇಲಿನ ಆಫೀಸು ಗಣಿತದ ಮೇಷ್ಟ್ರನ್ನ ಕೊಡುತ್ತೆ. ಯಾರೂ ಕೇಳ್ತಿಲ್ಲ ಅಂತ ನಾನೂ ಸುಮ್ಮನಾದೆ. ಈ ನಾಲ್ಕು ವರ್ಷದಲ್ಲಿ ಬಂದು ಕೇಳಿದ ಮೊದಲನೇ ತಾಯಿ ನೀವು."

ಅವಳು ಎದ್ದಳು. ಬಾಗಿಲ ತನಕ ಹೋದವಳು ತಿರುಗಿ, "ಅರ್ಜಿ ಹೇಗೆ ಬರೀಬೇಕು ಅಂತ ಒಂದು ಹಾಳೇಲಿ ಬರೆದುಕೊಡಿ ಸರ್" ಅಂದಳು.

ಆ ಹಾಳೆ ಎರಡು ವಾರ ಅವಳ ಚೀಲದಲ್ಲಿ ಓಡಾಡಿತು. ಡಿಪೋದಲ್ಲಿ ಕಂಡಕ್ಟರನ ಮಗಳು, ವೆಲ್ಡಿಂಗಿನವನ ಅವಳಿ ಮಕ್ಕಳು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳ ಮಗ. ಕೆಲವರು, "ದೊಡ್ಡ ಸ್ಕೂಲಲ್ಲಿ ಸಿಕ್ಕಿದ ಸೀಟು ಬಿಡೋಕೆ ನಿನಗೆ ತಲೆ ಕೆಟ್ಟಿದೆಯಾ?" ಅಂದರು. ಒಬ್ಬ ಡ್ರೈವರಂತೂ, "ಸೀಟಕ್ಕ ಈಗ ಯೂನಿವರ್ಸಿಟಿ ಸೀಟನ್ನೂ ಹೊಲಿಯೋಕೆ ಹೊರಟಳು" ಅಂತ ನಗಾಡಿದ. ನಗಾಡುತ್ತಲೇ ತನ್ನ ಮಗನ ಹೆಸರು ಬರೆಸಿದ. ಹದಿನಾಲ್ಕು ಹೆಸರಾಯಿತು. ಡಿಪೋದಲ್ಲಿ ಇನ್ನೊಂದು ಎಷ್ಟು ಹುಡುಕಿದರೂ ಸಿಗಲಿಲ್ಲ.

ಹದಿನೈದನೆಯ ಹೆಸರು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅಕ್ಕನಿಗೆ ಎರಡನೆಯವಳು ಮಗಳು, ಅವಳೂ ಎಂಟನೇ ಕ್ಲಾಸು. ಹೋಗಲು ಕಾಲು ಬರಲಿಲ್ಲ, ಅಷ್ಟೇ. ಕೊನೆಗೆ ಒಂದು ಮಧ್ಯಾಹ್ನ ಅಕ್ಕನ ಇಸ್ತ್ರಿ ಅಂಗಡಿಗೆ ಹೋದಳು.

"ಹೆಸರೂ ಬೇಡ ಏನೂ ಬೇಡ" ಅಂದಳು ಅಕ್ಕ, ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಒತ್ತುತ್ತ. "ಒಬ್ಬನ್ನ ಓದಿಸಿ ನೋಡಿದ್ದಾಯ್ತು. ದೊಡ್ಡ ಸ್ಕೂಲಿಗೆ ಹಾಕಿದೆ, ಅವನು ಮುಖಕ್ಕೆ ಮಸಿ ಬಳಿದ. ಇವಳನ್ನೂ ಎಲ್ಲಾದರೂ ಸೇರಿಸ್ತೀನಿ, ಓದಿದಷ್ಟು ಓದಲಿ."

"ಅಕ್ಕ, ಅವನು ಮಸಿ ಬಳಿಯಲಿಲ್ಲ. ಅದನ್ನ ಹೇಳೋಕೇ ಬಂದೆ."

ಸೀಟಕ್ಕ ಎಲ್ಲವನ್ನೂ ಹೇಳಿದಳು. ನಾನೂರು ಮಕ್ಕಳು, ಮೊದಲ ನಲವತ್ತು, ಎಂಬತ್ತನಾಲ್ಕಕ್ಕೆ ನೂರಾ ಹದಿನೆಂಟನೇ ಸ್ಥಾನ. "ಹೋದ ವರ್ಷ ನಮ್ಮ ರಸ್ತೆ ಸ್ಕೂಲಲ್ಲಿ ಹದಿನಾರನೇ ಸ್ಥಾನದ ಹುಡುಗನ ಅಂಕ ಎಷ್ಟು ಅಂತ ಮೇಷ್ಟ್ರನ್ನ ಕೇಳಿದೆ. ಎಪ್ಪತ್ತೊಂಬತ್ತು ಅಂತೆ ಅಕ್ಕ. ನಮ್ಮ ಹುಡುಗನ ಓದಲ್ಲಿ ಕೊರತೆ ಇರಲಿಲ್ಲ. ಸ್ಕೂಲು ಆರಿಸುವಾಗ ನಾವ್ಯಾರೂ ಇದನ್ನ ಕೇಳಲಿಲ್ಲ. ಅವನು ಒಬ್ಬನೇ ಬೈಸಿಕೊಂಡ."

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ನಾನು ಅವನಿಗೆ ಎಂಥೆಂಥ ಮಾತಂದೆ ಗೊತ್ತಾ ನಿನಗೆ?"

"ಗೊತ್ತು. ನಾನೂ ಅಂದಿದೀನಿ. ನನ್ನ ಮಗಳಿಗೆ ಅವನನ್ನ ತೋರಿಸಿ ಹೆದರಿಸಿದೀನಿ."

"ಒಂದು ವರ್ಷದಿಂದ ಅವನು ನನ್ನ ಜೊತೆ ಕೂತು ಉಂಡಿಲ್ಲ ಕಣೇ."

ಸೀಟಕ್ಕ ಅಕ್ಕನ ಕೈ ಹಿಡಿದುಕೊಂಡಳು. ಆ ಕೈ ಇಸ್ತ್ರಿಯ ಬಿಸಿಗೆ ಸುಡುತ್ತಿತ್ತು. ಅಕ್ಕ ಮಗಳ ಹೆಸರನ್ನು ತಾನೇ ಬರೆದಳು. ಅಂಗಡಿಗೆ ಬೀಗ ಹಾಕಿ, ಇಬ್ಬರೂ ಟೈರ್ ಅಂಗಡಿಯ ಕಡೆ ನಡೆದರು.

ಹುಡುಗ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ನಿಂತು ಕೇಳಿಸಿಕೊಂಡ. ಚಿಕ್ಕಮ್ಮನೇ ಹೇಳಿದಳು. ಎಲ್ಲ ಕೇಳಿದ ಮೇಲೆ ಅವನು ಮೆಲ್ಲಗೆ, "ಹಾಗಾದ್ರೆ ನಾನು ದಡ್ಡ ಅಲ್ಲ, ಅಲ್ವಾ ಚಿಕ್ಕಮ್ಮ?" ಅಂದ.

ಅದನ್ನು ಕೇಳಿ ಅಕ್ಕ ಅತ್ತಳು. ಬೀದಿಯಲ್ಲಿ ಜನ ನೋಡುತ್ತಿದ್ದಾರೆ ಎಂಬ ಪರಿವೆಯೂ ಅವಳಿಗಿರಲಿಲ್ಲ.

ಮುಂದಿನ ಭಾನುವಾರ ಅವನನ್ನು ಫೈಲಮ್ಮನ ಮುಂದೆ ಕೂರಿಸಿದರು. ಅವರು ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿದರು. "ಇನ್ನೊಂದು ಬಾಗಿಲಿದೆ ಮಗಾ. ಎರಡು ವರ್ಷದ ಜಿಲ್ಲಾ ಕಾಲೇಜಿಗೆ ಸೇರು. ಅಲ್ಲಿ ಚೆನ್ನಾಗಿ ಮಾಡಿದ್ರೆ ಮೂರನೇ ವರ್ಷಕ್ಕೆ ಯೂನಿವರ್ಸಿಟಿ ತಗೊಳ್ಳುತ್ತೆ. ಆಗ ಹೈಸ್ಕೂಲಿನ ಸ್ಥಾನ ಯಾರೂ ಕೇಳಲ್ಲ. ವಾಪಸ್ ಮುದ್ರೆ ಒತ್ತುವಾಗ ಈ ಮಾತನ್ನೂ ಕಾಗದದಲ್ಲಿ ಬರೀಬೇಕು ಅಂತ ನಾನು ಎಷ್ಟು ಸಲ ಹೇಳಿದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

ಹದಿನೈದು ಹೆಸರಿನ ಅರ್ಜಿ ಮೇಲಿನ ಆಫೀಸಿಗೆ ಹೋಗಿ, ಸರ್ಕಾರಿ ಸ್ಕೂಲು ಶುರುವಾದ ಮೂರನೇ ವಾರ ಗಣಿತದ ಮೇಡಂ ಬಂದರು. ಗಂಡನಿಗೆ ಮಾತ್ರ ಕಲ್ಲಿನ ಕಮಾನಿನ ಆಸೆ ಸುಲಭವಾಗಿ ಹೋಗಲಿಲ್ಲ. "ಕೈಗೆ ಬಂದದ್ದನ್ನ ಬಿಟ್ವಿ" ಅಂತ ಗೊಣಗುತ್ತಿದ್ದ. ಮಗಳೇ ಅವನ ಒಳ್ಳೇ ಕಿವಿಯ ಕಡೆ ಕೂತು, ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದಳು. ಅವನು ಎರಡು ಸಲ ಓದಿ, "ಇದನ್ನ ಮೊದಲೇ ಬರೆದು ತೋರಿಸಬಾರದಿತ್ತಾ? ನಿಮ್ಮಮ್ಮ ಹೇಳಿದ್ರೆ ನನಗೆ ಅರ್ಧ ಕೇಳಿಸುತ್ತೆ" ಅಂದ.

ಆ ಮಗಳು ಮೊದಲನೆಯವಳೇನೂ ಆಗಲಿಲ್ಲ. ವೆಲ್ಡಿಂಗಿನವನ ಅವಳಿಗಳು ಯಾವಾಗಲೂ ಅವಳಿಗಿಂತ ಮುಂದೆ. ಹದಿನೈದರಲ್ಲಿ ನಾಲ್ವರು ಗಣಿತ ಕಷ್ಟ ಎಂದು ನಡುವೆಯೇ ಬಿಟ್ಟರು. ನಾಲ್ಕು ವರ್ಷ ಕಳೆದ ಮೇಲೆ ಆ ಸ್ಕೂಲಿನಿಂದ ಯೂನಿವರ್ಸಿಟಿಗೆ ಏಳು ಮಕ್ಕಳು ಹೋದರು. ಅವರಲ್ಲಿ ಸ್ಕೂಲಿಗೆ ಒಂಬತ್ತನೇ ಸ್ಥಾನ ಬಂದ ಸೀಟಕ್ಕನ ಮಗಳೂ ಇದ್ದಳು, ಅಕ್ಕನ ಮಗಳೂ ಇದ್ದಳು. ಒಂದು ವರ್ಷ ತಡವಾಗಿ ಜಿಲ್ಲಾ ಕಾಲೇಜು ಸೇರಿ ಅಲ್ಲಿಂದ ಯೂನಿವರ್ಸಿಟಿಗೆ ಬಂದಿದ್ದ ಅಣ್ಣ, ಅವರು ಹೋಗುವ ಹೊತ್ತಿಗೆ ನಾಲ್ಕನೇ ವರ್ಷದಲ್ಲಿದ್ದ. ಹಾಸ್ಟೆಲಿನ ದಾರಿಯನ್ನು ಅವನೇ ತೋರಿಸಿದ.

ಓದುತ್ತಿರುವ ಅಪ್ಪ ಅಮ್ಮಂದಿರೇ, ಇದು ಒಂದು ಕುಟುಂಬದ ಕಥೆ. ದೊಡ್ಡ ಸ್ಕೂಲು ಕೆಟ್ಟದ್ದು, ಸಣ್ಣ ಸ್ಕೂಲು ಒಳ್ಳೆಯದು ಎಂದು ಇದರ ಅರ್ಥವಲ್ಲ. ನಿಮ್ಮ ಕಡೆಯ ಯೂನಿವರ್ಸಿಟಿಯ ನಿಯಮ ಬೇರೆಯೇ ಇರಬಹುದು, ವರ್ಷ ವರ್ಷ ಬದಲಾಗಲೂಬಹುದು. ಅದಕ್ಕೇ ಹೇಳುವುದು, ಕಮಾನು ಕಟ್ಟಡ ನೋಡಿ ಸೇರಿಸಬೇಡಿ, ಹತ್ತಿರ ಇದೆ ಅಂತಲೂ ಸೇರಿಸಬೇಡಿ. ಮಗು ಮುಂದೆ ಏನು ಓದಬೇಕೆಂದಿದೆ, ಮೊದಲು ಅದನ್ನೇ ಕೇಳಿ. ಆ ಓದಿಗೆ ಯಾವ ವಿಷಯಗಳು ಬೇಕು, ಪ್ರವೇಶಕ್ಕೆ ಅಂಕ ನೋಡುತ್ತಾರೋ ಸ್ಕೂಲಿನೊಳಗಿನ ಸ್ಥಾನ ನೋಡುತ್ತಾರೋ ಎಂದು ಯೂನಿವರ್ಸಿಟಿಗೇ ಬರೆದು ತಿಳಿದುಕೊಳ್ಳಿ. ಸ್ಕೂಲಿಗೆ ಹೋದಾಗ ಆ ವಿಷಯಗಳನ್ನು ಕಲಿಸುತ್ತಾರಾ, ಹೋದ ವರ್ಷ ಅಲ್ಲಿಂದ ಎಷ್ಟು ಮಕ್ಕಳು ಹೋದರು ಎಂದು ನೇರವಾಗಿ ಕೇಳಿ. ಇಲ್ಲದ ವಿಷಯ ಬೇಕೆಂದರೆ ನಾಲ್ಕು ಮನೆಯವರು ಸೇರಿ ಅರ್ಜಿ ಕೊಡಿ.

ಕೇಳಲು ಸಂಕೋಚವಾದರೂ ಕೇಳಿ. ಅರ್ಜಿ ವಾಪಸ್ ಬಂದ ಮಗು ನಿಮ್ಮ ಮನೆಯಲ್ಲಿದ್ದರೆ ಬೈಯುವ ಮುಂಚೆ ಪಕ್ಕದಲ್ಲಿ ಕೂತುಕೊಳ್ಳಿ. ಅದಕ್ಕೂ ಇನ್ನೊಂದು ಬಾಗಿಲು ಇದೆಯಾ ಎಂದು ಇಬ್ಬರೂ ಸೇರಿ ಹುಡುಕಿ.