ತೊಳೆದ ಮರಿ

ಒಣಹುಲ್ಲಿನ ನಡುವೆ ಒಂಟಿಯಾಗಿ ಮುದುರಿ ಮಲಗಿದ ಜಿಂಕೆಮರಿಯನ್ನು ಕಂಡ ಕೂಡಲೇ ‘ಪಾಪ, ತಾಯಿ ಬಿಟ್ಟುಹೋಗಿದೆ’ ಎಂದು ತೀರ್ಪು ಕೊಡುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ಆ ತಾಯಿ ಎಲ್ಲಿಗೆ ಹೋಯಿತು, ಅಷ್ಟು ದೂರ ಹೋಗುವಂತೆ ಮಾಡಿದವರು ಯಾರು ಎಂದು ಕೇಳುವಷ್ಟು ವ್ಯವಧಾನವೂ ನಿಮಗಿಲ್ಲವೇ?

ಊರಂಚಿನಲ್ಲಿ ಬಟ್ಟೆ ಒಗೆಯುವ ಕಾರ್ಖಾನೆಯೊಂದಿತ್ತು. ಆಸ್ಪತ್ರೆಗಳ, ಹೋಟೆಲುಗಳ ಹಾಸುಬಟ್ಟೆಗಳು ಅಲ್ಲಿಗೆ ಗಂಟುಗಂಟಾಗಿ ಬರುತ್ತಿದ್ದವು. ಮುಂದಿನ ಕೋಣೆಯಲ್ಲಿ ದೊಡ್ಡ ಯಂತ್ರಗಳು, ಒಳಕೋಣೆಯಲ್ಲಿ ಇಸ್ತ್ರಿಯ ಉದ್ದನೆಯ ಮೇಜು, ಉಸಿರು ಕಟ್ಟಿಸುವ ಹಬೆ. ಹಿಂದೆ ಬಟ್ಟೆ ಒಣಹಾಕುವ ಬಯಲು. ಬಯಲಿನಾಚೆ ಹುಲ್ಲುಗಾವಲು, ಅದರ ತುದಿಗೆ ಒಂದು ಕೊಳ. ಹೊಸ ಬಡಾವಣೆಯ ಸಭ್ಯರು ತಮ್ಮ ಮನೆಯಂಗಳದ ಹುಲ್ಲು ಹಸಿರಾಗಿರಲೆಂದು ಆ ಕೊಳಕ್ಕೆ ಪಂಪು ಹಾಕಿಸಿ, ಸುತ್ತ ತಂತಿಬೇಲಿ ಬಿಗಿದಿದ್ದರು. ಮಳೆ ಕೈಕೊಟ್ಟ ಆ ವರ್ಷ ತಳದಲ್ಲಿ ಉಳಿದಿದ್ದ ನೀರೂ ಬೇಲಿಯೊಳಗೇ ಉಳಿಯಿತು. ಅಲ್ಲಿ ಬಾಯಾರಿಕೆ ತೀರಿಸಿಕೊಳ್ಳುತ್ತಿದ್ದ ಜಿಂಕೆಗಳು ಹೆದ್ದಾರಿ ದಾಟಿ ದೂರದ ಹೊಳೆಗೆ ನಡೆಯಬೇಕಾಯಿತು.

ಎಳೆಮರಿಯ ತಾಯಿ ಮರಿಯನ್ನು ಜೊತೆಗೆ ಕರೆದೊಯ್ಯುವುದಿಲ್ಲ. ಹುಲ್ಲಿನಲ್ಲಿ ಅಡಗಿಸಿಟ್ಟು ಮೇವು ನೀರು ಅರಸಿ ಹೋಗುತ್ತದೆ, ಹಾಲೂಡಿಸಲು ಮರಳುತ್ತದೆ; ಮರಿ ಮಿಸುಕದೆ ಕಾಯುತ್ತದೆ. ಹುಲ್ಲು ಸೊಂಪಾಗಿ ಬೆಳೆದ ವರ್ಷ ಇದು ನಿಶ್ಚಿಂತೆಯ ವ್ಯವಸ್ಥೆ. ಆ ವರ್ಷದ ಹುಲ್ಲೋ, ಬೋಳುತಲೆಯ ಮೇಲೆ ಅಳಿದುಳಿದ ಕೂದಲಿನಂತಿತ್ತು. ಮರಿಗೆ ಮರೆಯೂ ಇಲ್ಲ, ನೆರಳೂ ಇಲ್ಲ.

ಒಣಗಿದ ಬಟ್ಟೆ ತರಲು ಹೋದ ಯಂತ್ರದವನ ಕಣ್ಣಿಗೆ ಅದು ಬಿತ್ತು. ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ಅವನ ದನಿಯೇ ಗಟ್ಟಿಯಾಗಿಬಿಟ್ಟಿತ್ತು. ಎಲ್ಲರೂ ಅವನನ್ನು ಗುಡುಗು ಎಂದೇ ಕರೆಯುತ್ತಿದ್ದರು.

“ಅಕ್ಕಾ! ಇಲ್ಲಿ ನೋಡಿ ಯಾರನ್ನ ಕರ್ಕೊಂಡ್ ಬಂದಿದೀನಿ!”

ಇಸ್ತ್ರಿಯ ಮೇಜಿನ ಹೆಂಗಸು, ಎಲ್ಲರ ಇಸ್ತ್ರಿ ಅಕ್ಕ, ತಲೆಯೆತ್ತಿದಳು. ಟವೆಲಿನ ಸುತ್ತಿನಿಂದ ಎರಡು ಕಿವಿಗಳು ಹೊರಬಂದಿದ್ದವು.

“ಎಲ್ಲಿಂದ ಎತ್ಕೊಂಡ್ ಬಂದ್ಯೋ ಇದನ್ನ?”

“ಸುಡೋ ನೆಲದ ಮೇಲೆ ಬಿದ್ದಿತ್ತು ಅಕ್ಕಾ. ತಾಯಿ ಅನ್ನೋದರ ಸುಳಿವೇ ಇಲ್ಲ.”

“ನನ್ನ ಟವೆಲ್ಲೇ ಬೇಕಿತ್ತೇನೋ ನಿಂಗೆ?” ಎಂದು ಬಟ್ಟೆ ಮಡಿಸುವ ಚಿಕ್ಕಮ್ಮ ಸಿಡುಕಿದಳು. ಆಮೇಲೆ ಹತ್ತಿರ ಬಂದು ನೋಡಿ, ದನಿ ಇಳಿಸಿದಳು. “ಅಯ್ಯೋ ಕಂದ, ಮೈಯೆಲ್ಲ ಮಣ್ಣು!”

ಕೊಳೆಯಾದದ್ದನ್ನು ತೊಳೆಯುವುದು, ಅವರಿಗೆ ರೂಢಿಯಾಗಿದ್ದ ಪ್ರೀತಿ ಅದೊಂದೇ. ಇಸ್ತ್ರಿ ಅಕ್ಕ ಟಬ್ಬಿನಲ್ಲಿ ನೀರು ಹದ ಮಾಡಿದಳು. ಹೋಟೆಲಿನ ಟವೆಲುಗಳಿಗೆಂದು ಇಟ್ಟಿದ್ದ ಹೂವಿನ ಪರಿಮಳದ ಸೋಪು ಹಾಕಿ, ಕಿವಿಯ ಹಿಂಬದಿಯನ್ನೂ ಬಿಡದೆ ತೊಳೆದಳು. ಮರಿ ಅವಳ ಬೆರಳನ್ನು ಬಾಯಿಗೆಳೆದುಕೊಂಡು ಚೀಪತೊಡಗಿತು. ಅವಳ ಕೈ ಹಾಗೆಯೇ ನಿಂತುಬಿಟ್ಟಿತು.

“ಇನ್ನು ಇಸ್ತ್ರಿ ಒಂದೇ ಬಾಕಿ,” ಎಂದು ಗುಡುಗು ನಕ್ಕ.

ಬಾಟಲಿಯ ಹಾಲನ್ನು ಮಾತ್ರ ಅದು ಮುಟ್ಟಲಿಲ್ಲ. ಆಗ ಕಾರ್ಖಾನೆಯ ಮೇಸ್ತ್ರಿ ಪಶುವೈದ್ಯರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

“ತಾಯಿ ಬಿಟ್ಟಿಲ್ಲ ಸ್ವಾಮಿ, ನೀರಿಗೆ ಹೋಗಿರುತ್ತೆ. ಎತ್ತಿದ ಜಾಗದಲ್ಲೇ ಇಟ್ಟು ದೂರ ಬಂದ್ಬಿಡಿ. ಮನುಷ್ಯರ ಕೈ ತಾಗಿದ್ರೆ ಅಡ್ಡಿಯಿಲ್ಲ.”

“ಕೈ ತಾಗಿದ್ದು ಸರಿ ಡಾಕ್ಟ್ರೇ. ಸ್ವಲ್ಪ... ತೊಳೆದೂ ಬಿಟ್ವಿ.”

“ತೊಳೆದ್ರಾ? ಏನ್ ಹಾಕಿ?”

“ನಮ್ಮ ಸೋಪೇ. ಒಳ್ಳೇದು.”

“ಅದೇನ್ರೀ, ದಿಂಬಿನ ಕವರಾ? ತಾಯಿ ತನ್ನ ಮರೀನ ಮೂಸಿಯೇ ಒಪ್ಕೊಳ್ಳೋದು. ಬೇಗ ಹೋಗಿ ಬಿಟ್ಬನ್ನಿ. ಆಮೇಲೆ ಅದರ ಅದೃಷ್ಟ.”

ಮರಿ ಸುತ್ತಿದ ಟವೆಲಿನಲ್ಲಾದರೂ ಹಳೆಯ ವಾಸನೆ ಉಳಿದೀತೆಂದು ಮೇಸ್ತ್ರಿ ಹುಡುಕಿದರು. ಗುಡುಗು ಯಂತ್ರದ ಗಾಜಿನತ್ತ ಬೆರಳು ತೋರಿಸಿದ. ಟವೆಲ್ ನೊರೆಯೊಳಗೆ ಗಿರಗಿರನೆ ತಿರುಗುತ್ತಿತ್ತು. ಒಂದು ಬಟ್ಟೆ ಇಷ್ಟು ಸ್ವಚ್ಛವಾದುದಕ್ಕೆ ಅವನು ನಾಚಿಕೊಂಡದ್ದು ಅದೇ ಮೊದಲು.

ಇಸ್ತ್ರಿ ಅಕ್ಕ ಮರಿಯನ್ನೆತ್ತಿಕೊಂಡು ಹುಲ್ಲುಗಾವಲಿಗೆ ನಡೆದಳು. ಮೈಯೊತ್ತಿ ಗುಳಿಯಾಗಿದ್ದ ಜಾಗವನ್ನು ಗುಡುಗು ತೋರಿಸಿದ. ಅಲ್ಲಿನ ಮಣ್ಣನ್ನೂ ಒಣಹುಲ್ಲನ್ನೂ ಹಿಡಿಹಿಡಿಯಾಗಿ ಅದರ ಬೆನ್ನಿಗೆ, ಕತ್ತಿಗೆ ತಿಕ್ಕಿದಳು. ಜೀವಮಾನವೆಲ್ಲ ಕೊಳೆ ತೆಗೆದ ಕೈ, ಈಗ ಕೊಳೆಯನ್ನು ಬೇಡಿಕೊಳ್ಳುತ್ತಿತ್ತು. ಮರಿಯನ್ನು ಮಲಗಿಸಿ ಎದ್ದಾಗ ಅದು ಹಿಂದೆಯೇ ಬರಲು ನೋಡಿತು. ಅವಳು ಒಮ್ಮೆ ಗದರಿದಳು. ಗದರಿದ್ದಕ್ಕೆ ದಾರಿಯುದ್ದಕ್ಕೂ ಸಂಕಟಪಟ್ಟಳು.

ಒಣಹಾಕಿದ ಹಾಸುಬಟ್ಟೆಗಳ ಮರೆಯಲ್ಲಿ ನಾಲ್ವರೂ ನಿಂತು ಕಾದರು. ಹೊತ್ತು ಇಳಿಯುವಾಗ ತಾಯಿ ಬಂದಿತು. ಪಕ್ಕೆಲುಬುಗಳು ದೂರಕ್ಕೇ ಕಾಣುತ್ತಿದ್ದವು. ಅದು ಸಣ್ಣಗೆ ಕರೆದ ಕೂಡಲೇ ಮರಿ ಎದ್ದು ಓಗೊಟ್ಟಿತು. ತಾಯಿ ಓಡಿಬಂದು ಮೂಗು ಚಾಚಿ, ಥಟ್ಟನೆ ಹಿಂದಕ್ಕೆ ಹಾರಿತು. ದನಿ ತನ್ನ ಮರಿಯದು, ವಾಸನೆ ಯಾರದೋ! ಗೊರಸಿನಿಂದ ನೆಲ ಬಡಿಯಿತು. ಹೋಯಿತು, ನಿಂತಿತು, ತಿರುಗಿ ನೋಡಿತು.

“ಹೋಗ್ಬೇಡ ಕಣೇ, ನಿಂದೇ ಅದು,” ಎಂದು ಇಸ್ತ್ರಿ ಅಕ್ಕ ಬಾಯೊಳಗೇ ಅಂಗಲಾಚಿದಳು.

ತಾಯಿಯ ಅನುಮಾನ ತೀರುವವರೆಗೆ ಕಾಯುವ ತಾಳ್ಮೆ ಮರಿಗಿರಲಿಲ್ಲ. ಓಡಿ ಹೋಗಿ ಕೆಚ್ಚಲಿಗೆ ಬಾಯಿ ಹಾಕಿತು. ತಾಯಿ ನಡುಗಿತು, ಸರಿದುನಿಂತಿತು, ಮತ್ತೆ ಮೂಸಿತು. ಕೊನೆಗೆ ನಾಲಿಗೆ ಚಾಚಿ ಆ ಅಪರಿಚಿತ ಪರಿಮಳವನ್ನೇ ನೆಕ್ಕತೊಡಗಿತು.

“ಒಪ್ಕೊಂಡ್ತು!” ಎಂದ ಗುಡುಗು. ಅವನು ಪಿಸುಮಾತಾಡಬಲ್ಲನೆಂದು ಅಂದೇ ತಿಳಿದದ್ದು.

ಕಥೆಯನ್ನು ಇಲ್ಲಿಗೆ ಮುಗಿಸಿದರೆ ನಿಮಗೆ ಹಿತವಾಗುತ್ತಿತ್ತು. ಆದರೆ ನೀರಿಲ್ಲದ ಮೈಯಲ್ಲಿ ಹಾಲು ಎಲ್ಲಿಂದ ಬರಬೇಕು? ಎಳೆಮರಿಯ ಹೊಟ್ಟೆಗೆ ನೀರು ಸೇರುವುದು ತಾಯಿಯ ಹಾಲಿನಿಂದಲೇ. ತಾಯಿ ಹೊಳೆಗೆ ಹೋಗಿ ಬರುವಷ್ಟರಲ್ಲಿ, ಕುಡಿದ ನೀರೆಲ್ಲ ದಾರಿಯ ಬಿಸಿಲಿಗೇ ಸಂದಾಯವಾಗುತ್ತಿತ್ತು. ಸಂಜೆ ಮರಿ ಕೆಚ್ಚಲನ್ನು ಗುದ್ದಿ ಗುದ್ದಿ ಸೋಲುವುದನ್ನು ಇಸ್ತ್ರಿ ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು. ಸೋಪು ಸೋಕದ ನೀರನ್ನು ಟಬ್ಬಿಗೆ ತುಂಬಿ ಬಯಲಂಚಿಗೆ ಇಟ್ಟಳು. ಯಂತ್ರಗಳ ಸದ್ದಿಗೆ ಬೆದರಿ ಜಿಂಕೆ ಅಷ್ಟು ಹತ್ತಿರ ಬರಲಿಲ್ಲ.

ಮೇಸ್ತ್ರಿ ಬಡಾವಣೆಯ ಸಂಘದ ಅಧ್ಯಕ್ಷರ ಮನೆಬಾಗಿಲಿಗೆ ಹೋದರು. ಅಂಗಳದ ಹುಲ್ಲಿಗೆ ನೀರು ಚಿಮ್ಮುತ್ತಿತ್ತು.

“ಬೇಲಿಯಲ್ಲಿ ಒಂದು ಕಡೆ ದಾರಿ ಬಿಡಿಸಿ ಸಾರ್. ಜಿಂಕೆ ನುಗ್ಗುವಷ್ಟು ಸಾಕು.”

“ಇವತ್ತು ನೀರಿಗೆ ಬರುತ್ತೆ, ನಾಳೆ ನನ್ನ ಹೂಗಿಡಕ್ಕೆ ಬಾಯಿ ಹಾಕುತ್ತೆ. ಆಮೇಲೆ ನೀವು ಬಂದು ಕಾಯ್ತೀರಾ?”

“ಮರಿ ಸಾಯುತ್ತೆ ಸಾರ್.”

“ಅಯ್ಯೋ ಪಾಪ,” ಎಂದರು ಅಧ್ಯಕ್ಷರು. ಮನಸ್ಸಿನಿಂದಲೇ ಎಂದರು. ಬೇಲಿ ಹಾಗೆಯೇ ಇತ್ತು.

ಇಂಥ ‘ಪಾಪ’ಗಳಿಂದ ಒಂದು ತೊಟ್ಟು ನೀರು ಹುಟ್ಟಿದ್ದನ್ನು ನೀವು ಕಂಡಿದ್ದೀರಾ?

ಬಿಸಿಲು ನೆತ್ತಿ ಸೀಳುತ್ತಿದ್ದ ಒಂದು ದಿನ ಹುಲ್ಲಿನ ಗುಳಿಯಲ್ಲಿ ಕಿವಿಗಳು ಆಡಲಿಲ್ಲ. ದೂರವಿರಬೇಕೆಂಬ ವೈದ್ಯರ ಮಾತಿಗೆ ಕಟ್ಟುಬಿದ್ದು ಇಸ್ತ್ರಿ ಅಕ್ಕ ಕಿಟಕಿಯಲ್ಲೇ ನಿಂತಿದ್ದಳು. ತಡೆಯಲಾರದೆ ಓಡಿಹೋಗುವಷ್ಟರಲ್ಲಿ ಮರಿಯ ಉಸಿರು ನಿಂತಿತ್ತು. ಸಂಜೆ ತಾಯಿ ಬಂದು ಕರೆಯಿತು. ಮೂಸಿತು, ನೆಕ್ಕಿತು, ಎದ್ದೇಳೆಂದು ಮೂತಿಯಿಂದ ನೂಕಿತು. ಕತ್ತಲಾಗುವವರೆಗೂ ಅಲ್ಲಿಯೇ ನಿಂತಿತ್ತು.

ಮರಿಯನ್ನು ಗುಡುಗು ಮಣ್ಣು ಮಾಡಿದ. ಆಮೇಲೂ ತಾಯಿ ಬರುವುದನ್ನು ಬಿಡಲಿಲ್ಲ. ಗುಳಿಯ ಬಳಿ ನಿಂತು ಗಾಳಿಗೆ ಮೂಗೊಡ್ಡುತ್ತಿತ್ತು. ಯಂತ್ರಗಳೆಲ್ಲ ನಿಂತಿದ್ದ ಒಂದು ರಜೆಯ ಸಂಜೆ, ಟಬ್ಬಿಗೆ ನೀರು ತುಂಬಲೆಂದು ಬಂದ ಇಸ್ತ್ರಿ ಅಕ್ಕ ಮತ್ತು ಚಿಕ್ಕಮ್ಮ ಬಾಗಿಲಲ್ಲೇ ನಿಂತರು. ಜಿಂಕೆ ಬಯಲಿನೊಳಕ್ಕೇ ಬಂದಿತ್ತು. ನೀರಿನತ್ತ ಅದರ ಲಕ್ಷ್ಯವಿರಲಿಲ್ಲ. ತಂತಿಯಿಂದ ತಂತಿಗೆ ಹೋಗಿ, ತೂಗುತ್ತಿದ್ದ ಹೋಟೆಲಿನ ಟವೆಲುಗಳನ್ನು ಒಂದೊಂದಾಗಿ ಮೂಸುತ್ತಿತ್ತು. ಒಂದರ ಮಡಿಕೆಯೊಳಗೆ ಮುಖವಿಟ್ಟು, ಮೆಲ್ಲಗೆ ಕರೆಯಿತು.

“ಓಡ್ಸೇ ಅದನ್ನ, ಎಲ್ಲಾ ಮತ್ತೆ ಒಗೀಬೇಕಾಗುತ್ತೆ,” ಎಂದಳು ಚಿಕ್ಕಮ್ಮ.

“ಒಗೆಯೋಣ ಬಿಡಿ ಚಿಕ್ಕಮ್ಮ. ಅದರ ಮರಿಗೆ ಕೊನೇಲಿ ಇದ್ದಿದ್ದು ಇದೇ ಸೋಪಿನ ವಾಸನೆ ತಾನೇ?”

ಇಸ್ತ್ರಿ ಅಕ್ಕನ ತಾಯಿಯೂ ಇದೇ ಕಾರ್ಖಾನೆಯಲ್ಲಿ ಸವೆದು ತೀರಿಹೋದವಳು. ಬೇರೆಡೆ ಕೆಲಸ ಸಿಕ್ಕರೂ ಮಗಳೇಕೆ ಈ ಸೋಪಿನ ಹಬೆಯನ್ನು ಬಿಟ್ಟುಹೋಗುವುದಿಲ್ಲವೆಂದು ಚಿಕ್ಕಮ್ಮನಿಗೆ ಈಗ ಹೊಳೆದಿರಬೇಕು. ಇಬ್ಬರೂ ಬಾಗಿಲಲ್ಲೇ ಕುಳಿತರು. ಜಿಂಕೆ ಇನ್ನೊಂದು ಟವೆಲಿನತ್ತ ನಡೆಯಿತು.

ಓದುಗರೇ, ಕಣ್ಣೊರೆಸಿಕೊಂಡು ಪುಟ ಮಗುಚಬೇಡಿ. ನಿಮ್ಮ ಊರಂಚಿನಲ್ಲೂ ಬೇಲಿ ಬಿಗಿದ ಒಂದು ಕೊಳವಿರುತ್ತದೆ. ಅದರ ಯಜಮಾನರ ಬಳಿಗೆ ಹೋಗಿ, ಒಬ್ಬರೇ ಹೋಗದೆ ನೆರೆಯವರನ್ನೂ ಕೂಡಿಕೊಂಡು ಹೋಗಿ, ಜಿಂಕೆ ನುಗ್ಗುವಷ್ಟು ದಾರಿ ಬಿಡಿಸಿ. ಕೊಳವಿಲ್ಲದಿದ್ದರೆ ಸದ್ದುಗದ್ದಲದಿಂದ ದೂರದಲ್ಲಿ ಅಗಲವಾದ, ಆಳವಿಲ್ಲದ ತೊಟ್ಟಿಯೊಂದನ್ನಿಟ್ಟು, ಬೇಸಿಗೆ ಕಳೆಯುವವರೆಗೂ ಒಣಗದಂತೆ ನೋಡಿಕೊಳ್ಳಿ. ಹುಲ್ಲಿನಲ್ಲಿ ಮರಿ ಮಲಗಿದ್ದರೆ ಮುಟ್ಟಬೇಡಿ. ಅದರ ತಾಯಿಗೆ ನೀರಿಡಿ. ಈ ಬೇಸಿಗೆಯಲ್ಲೇ ಇಡಿ.