ಬಸವನಹುಳುವಿನ ಡಾಕ್ಟರು

ರೊವೆನಾ ನಮ್ಮ ವಾರ್ಡಿಗೆ ಇಂಟರ್ನ್ ಆಗಿ ಬಂದಾಗ ಅವಳಿಗೆ ಮೂವತ್ತೊಂಬತ್ತು. ಜೊತೆಯವರಿಗೆಲ್ಲ ಇಪ್ಪತ್ತೈದರ ಆಸುಪಾಸು. ಎದುರಿಗೇ ‘ಲೋಲಾ’ ಅನ್ನುತ್ತಿದ್ದರು, ಅಂದರೆ ಅಜ್ಜಿ. ಆ ವಾರ್ಡಿನಲ್ಲಿ ನರ್ಸಾಗಿದ್ದ ನನಗೂ ಅವಳಿಗೂ ಒಂದೇ ವಯಸ್ಸು, ಹಾಗಾಗಿ ಸ್ನೇಹವಾಯಿತು.

ಅವಳು ಅದಾಗಲೇ ಮನಿಲಾದಲ್ಲಿ ಪಿಎಚ್‌ಡಿ ಮುಗಿಸಿದ್ದವಳು. ನಮ್ಮ ಲೇಟೆ ದ್ವೀಪದ ಭತ್ತದ ಗದ್ದೆಗಳಲ್ಲಿ ಬಸವನಹುಳುವಿನಿಂದ ನೀರಿಗಿಳಿದು, ಜನರ ಚರ್ಮ ಕೊರೆದು ಒಳಗೆ ಹೋಗಿ, ವರ್ಷಗಟ್ಟಲೆ ಯಕೃತ್ತನ್ನು ಹಾಳುಮಾಡುವ ಹುಳು ಅವಳ ವಿಷಯ. ಆಮೇಲೆ ವರ್ಷಕ್ಕೊಂದು ಗುತ್ತಿಗೆಯ ಕೆಲಸ, ಪ್ರತಿ ಸಲವೂ ಹೊಸ ಅರ್ಜಿ. ಡಾಕ್ಟರು ಎಂದು ಕೇಳಿ ನೆರೆಯವರು ಬಾಯಿ ತೆರೆದು ಗಂಟಲು ತೋರಿಸುತ್ತಿದ್ದರಂತೆ. ಮೂವತ್ತಮೂರಕ್ಕೆ ವೈದ್ಯಕೀಯ ಕಾಲೇಜು ಸೇರಿದಳು.

“ಜನಕ್ಕೆ ಕೈಯಾರೆ ಔಷಧಿ ಕೊಡ್ಬೇಕು ಅನ್ನಿಸ್ತು,” ಎಂದಿದ್ದಳು ಒಮ್ಮೆ. ಸ್ವಲ್ಪ ಹೊತ್ತಿನ ಮೇಲೆ, “ಸುಳ್ಳು. ಬೇರೆಲ್ಲೂ ಕೆಲಸ ಸಿಗ್ಲಿಲ್ಲ,” ಎಂದಳು.

ಒಂದು ಬೆಳಿಗ್ಗೆ ಕಾನ್‌ಲಾಗಿತ್ ಊರಿನ ಸೆವೆರಿನೊ ಎಂಬ ರೈತನನ್ನು ಕರೆತಂದರು. ಹೊಟ್ಟೆ ಬಿಗಿದು ಊದಿತ್ತು. ಬಾಯಿಂದ ರಕ್ತ ಬರುತ್ತಿತ್ತು. ಹೆಂಡತಿ ಇಸ್ಯಾಂಗ್ ಬೇಸಿನ್ನು ಹಿಡಿದು ನಿಂತಿದ್ದಳು. ರಕ್ತನಾಳ ಹುಡುಕುತ್ತಿದ್ದ ರೊವೆನಾಳನ್ನೇ ನೋಡಿ ಕೇಳಿದಳು:

“ನೀವು ನಮ್ಮೂರಲ್ಲಿ ಡಬ್ಬಿ ಹಂಚಿದವ್ರಲ್ವಾ? ಮಲ ಪರೀಕ್ಷೆಗೆ ಅಂತ?”

“ಹೌದು, ನಾನಾಯ್,” ಎಂದಳು ರೊವೆನಾ, ಅಮ್ಮಾ ಎನ್ನುವ ಅರ್ಥದಲ್ಲಿ. “ಹನ್ನೆರಡು ವರ್ಷ ಆಯ್ತು.”

“ಔಷಧಿ ಕೇಳಿದ್ವಿ. ನಾನು ಆ ಥರದ ಡಾಕ್ಟ್ರಾಗ್ತಿಲ್ಲ ಅಂದ್ರಿ.”

ರೊವೆನಾ ಸೂಜಿ ಚುಚ್ಚಿ ಡ್ರಿಪ್ ಹಾಕಿದಳು. ಮಾರನೆಯ ದಿನ ಮಧ್ಯಾಹ್ನ ಸೆವೆರಿನೊ ಸತ್ತ.

ಅವಳು ರೂಮಿಗೆ ಹೋಗಿ ಹಳೆಯ ನೋಟ್‌ಬುಕ್ ತಂದು, ಬಟ್ಟೆ ಇಡುವ ಕೋಣೆಯಲ್ಲಿ ನನ್ನ ಮುಂದೆ ತೆರೆದಳು. “ನಲವತ್ತೊಂದನೇ ಮನೆ. ಗಂಡಸು, ಮೂವತ್ತಾರು. ಸೋಂಕು ತೀವ್ರ. ನನ್ನ ಕೈಬರಹನೇ.”

“ಆರೋಗ್ಯ ಕಚೇರಿಗೆ ಕೊಟ್ಟಿರ್ಲಿಲ್ವಾ?”

“ಪಟ್ಟಿ ಕೊಟ್ಟೆ. ತಲುಪಿದೆ ಅಂತ ಸಹಿ ಹಾಕಿಸ್ಕೊಂಡೆ. ಮಾತ್ರೆ ಮನೆಗೆ ತಲುಪ್ತಾ ಅಂತ ಕೇಳ್ಲಿಲ್ಲ. ಥೀಸಿಸ್ ಬರೀಬೇಕಿತ್ತಲ್ಲ. ಒಂದೇ ದಿನ ನುಂಗೋ ಮಾತ್ರೆ, ಗೊತ್ತಾ?”

“ಇದನ್ನ ಆ ಹೆಂಗಸಿಗೆ ಹೇಳ್ಬೇಡ. ನಿನ್ನನ್ನ ಡಾಕ್ಟರಾಗೋಕೇ ಬಿಡಲ್ಲ,” ಎಂದೆ. ನಾನು ಹಾಗೆ ಹೇಳಿದ್ದು ನಿಜ.

ಅವಳು ಹೇಳಿದಳು. ಮೊಗಸಾಲೆಯ ಬೆಂಚಿನ ಮೇಲೆ, ನೋಟ್‌ಬುಕ್ ಬಿಚ್ಚಿಟ್ಟು, ಏನೂ ಬಿಡದೆ. ಇಸ್ಯಾಂಗ್ ಗಂಡನ ಅಂಗಿ ಮಡಿಸುತ್ತಾ ಕೇಳಿಸಿಕೊಂಡಳು. ಅಳಲಿಲ್ಲ.

“ನಮ್ಮ ಡಬ್ಬಿ ತಗೊಂಡು ನೀವು ಡಾಕ್ಟ್ರಾದ್ರಿ,” ಎಂದಳು. “ಈಗ ಇನ್ನೊಂದ್ಸಲ ಆಗ್ತಿದ್ದೀರಿ. ನನ್ನ ಮಗಂದೂ ಡಬ್ಬಿ ಕೊಟ್ಟಿದ್ದೆ. ಅದ್ರಲ್ಲಿ ಏನಿತ್ತು, ನೋಡಿ ಹೇಳಿ.”

ರೊವೆನಾ ಪುಟ ತಿರುಗಿಸಿದಳು. ಜೊಮಾರ್, ಆಗ ಏಳು ವರ್ಷ. ಸೋಂಕಿತ್ತು.

ಆ ವಾರವೇ ಅವಳು ಮೂರು ದಿನ ವಾರ್ಡಿಗೆ ಬರಲಿಲ್ಲ. ತಾನು ಪಿಎಚ್‌ಡಿ ಮಾಡಿದ ವಿಭಾಗದವರನ್ನು ಬೇಡಿ ಮಾತ್ರೆ ತರಿಸಿಕೊಂಡು, ಜೊತೆಗೆ ನಮ್ಮಲ್ಲಿನ ಹಿರಿಯ ವೈದ್ಯರೊಬ್ಬರನ್ನು ಕಾಡಿ ಕರೆದುಕೊಂಡು ಕಾನ್‌ಲಾಗಿತ್‌ಗೆ ಹೋದಳು. ಸೋಂಕಿದ್ದ ಅರವತ್ತಮೂರು ಹೆಸರುಗಳಲ್ಲಿ ಒಂಬತ್ತು ಜನ ಸತ್ತಿದ್ದರು. ಅವರಲ್ಲಿ ಯಾರು ಹುಳುವಿನಿಂದ ಸತ್ತರು, ಯಾರು ಬೇರೆ ಕಾರಣಕ್ಕೆ, ಯಾರೂ ಬರೆದಿಟ್ಟಿರಲಿಲ್ಲ. ಇಪ್ಪತ್ತು ಜನ ಊರು ಬಿಟ್ಟಿದ್ದರು. ಕೆಲವರು ಮಾತ್ರೆ ನುಂಗಿದರು. “ಬಸವನಹುಳು ಡಾಕ್ಟ್ರು ಬಂದ್ರು, ಡಬ್ಬಿ ತೊಳ್ಕೊಳ್ಳಿ,” ಎಂದು ಒಬ್ಬ ಗೇಲಿ ಮಾಡಿ ಬಾಗಿಲು ಹಾಕಿಕೊಂಡ.

ಜೊಮಾರ್ ಮನೆಯಲ್ಲಿದ್ದ. ತಾಯಿ ಬೈದು ನುಂಗಿಸಿದಳು. ರೊವೆನಾಗೆ ಅವಳು ಕುಳಿತುಕೊಳ್ಳಿ ಎನ್ನಲಿಲ್ಲ, ನೀರೂ ಕೊಡಲಿಲ್ಲ.

ಹಿಂತಿರುಗಿದಾಗ ನಮ್ಮ ಆಸ್ಪತ್ರೆಯ ವಿಭಾಗದ ಮುಖ್ಯಸ್ಥರು ಹೇಳದೆ ಹೋದದ್ದಕ್ಕೆ ಎಲ್ಲರೆದುರು ಬೈದು, ಇಂಟರ್ನ್ ಅವಧಿಯನ್ನು ಎರಡು ತಿಂಗಳು ಹೆಚ್ಚಿಸಿದರು. “ಲೋಲಾಗೆ ಇನ್ನೂ ಎರಡು ತಿಂಗಳು ಸ್ಕೂಲು,” ಎಂದು ಒಬ್ಬ ನಕ್ಕ. ಅವಳು ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನು ಕಸದ ಬುಟ್ಟಿಗೆ ಹಾಕಿ, ಕೈ ತೊಳೆದು, ಹನ್ನೊಂದನೇ ಮಂಚದ ಮುದುಕನ ರಕ್ತದೊತ್ತಡ ನೋಡಲು ಹೋದಳು.